ಕಿಕ್‌ಗೆ ಗುದ್ದು ಬರಬೇಕಾದರೆ ಯಾವ ಪ್ಲಗಿನ್ ಕೊಳ್ಳಬೇಕು?

ನೀವು ಬರೆದಿರುವ ಪ್ರಕಾರ: ಹತ್ತಡಿಗೆ ಹತ್ತಡಿ ರೂಮು, ಸರಿಯಾಗಿ ನಡುಮಧ್ಯೆ ಕುರ್ಚಿ. ಕಿಕ್ (ಡ್ರಮ್ ಸೆಟ್‌ನಲ್ಲಿ ಕಾಲಿನಿಂದ ಹೊಡೆಯುವ ದಪ್ಪ ದನಿಯ ಡ್ರಮ್) ಜೊತೆಗೆ ಡೊಳ್ಳಿನ ಸ್ಯಾಂಪಲ್ ಸೇರಿಸಿದ್ದೀರಿ. 60 ಹರ್ಟ್ಸ್‌ನಲ್ಲಿ 6 ಡಿಬಿ ಎತ್ತಿದರೂ ರೂಮಿನಲ್ಲಿ ಗುದ್ದು ಸಿಗುತ್ತಿಲ್ಲ, ಅದೇ ಹಾಡು ಕಾರಿನಲ್ಲಿ ಗುಂಯ್ ಅನ್ನುತ್ತೆ, ಫೋನಿನಲ್ಲಿ ಕಿಕ್ಕೇ ಇಲ್ಲ. ಯಾವ ಪ್ಲಗಿನ್ (ಮಿಕ್ಸಿಂಗ್ ಸಾಫ್ಟ್‌ವೇರ್‌ನೊಳಗೆ ಹಾಕಿಕೊಳ್ಳುವ ಪುಟ್ಟ ಸಾಫ್ಟ್‌ವೇರ್) ಕೊಳ್ಳಲಿ ಅಂತ ಕೇಳಿದ್ದೀರಿ. ಸದ್ಯಕ್ಕೆ ಯಾವುದೂ ಬೇಡ. ಈಗ ಹಾಕಿಕೊಂಡಿರುವುದರಲ್ಲೇ ಒಂದೆರಡು ತೆಗೆಯಬೇಕಾಗುತ್ತೆ.

ಮೊದಲ ತೊಂದರೆ ನಿಮ್ಮ ರೂಮಿನದು. ಹತ್ತಡಿ ಅಂದರೆ ಸುಮಾರು ಮೂರು ಮೀಟರ್. ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಗೋಡೆಯಿಂದ ಗೋಡೆಗಿರುವ ದೂರದ ಎರಡರಷ್ಟರಿಂದ ಭಾಗಿಸಿದರೆ 57 ಹರ್ಟ್ಸ್ ಆಸುಪಾಸು ಬರುತ್ತೆ. ಆ ಫ್ರೀಕ್ವೆನ್ಸಿ ಎರಡು ಗೋಡೆಗಳ ಮಧ್ಯೆ ನಿಂತುಬಿಡುತ್ತೆ: ಗೋಡೆ ಹತ್ತಿರ ಜೋರು, ನಡುವಿನಲ್ಲಿ ಖಾಲಿ. ನಿಮ್ಮದು ಚೌಕ ರೂಮು, ಹಾಗಾಗಿ ಉದ್ದಕ್ಕೂ ಅಗಲಕ್ಕೂ ಅದೇ ಕಥೆ. ಕಿಕ್‌ನ ಮೂಲ ಸ್ವರ ಸಾಮಾನ್ಯವಾಗಿ 50ರಿಂದ 60ರ ನಡುವೆ ಇರುತ್ತೆ. ಅಂದರೆ ಕಿಕ್ ಎಲ್ಲಿದೆಯೋ ಅದೇ ಜಾಗ ನಿಮ್ಮ ಕಿವಿಗೆ ಬೀಳುತ್ತಿಲ್ಲ. ಬೀಳುತ್ತಿಲ್ಲ ಅಂತ ಎತ್ತಿದಿರಿ, ಕಾರು ಅದನ್ನು ಬಯಲು ಮಾಡಿತು. ಅನುಮಾನವಿದ್ದರೆ ಕಿಕ್ ಒಂದನ್ನೇ ಲೂಪ್‌ನಲ್ಲಿ ಬಿಟ್ಟು, ಕುರ್ಚಿಯಿಂದೆದ್ದು ಹಿಂದಿನ ಗೋಡೆಯವರೆಗೆ ನಡೆದುಕೊಂಡು ಹೋಗಿ. ಒಂದೊಂದು ಹೆಜ್ಜೆಗೂ ಗುದ್ದು ದಪ್ಪವಾಗುತ್ತಾ ಹೋಗುತ್ತೆ. ಈಕ್ಯೂ (ಬೇಕಾದ ಫ್ರೀಕ್ವೆನ್ಸಿಯನ್ನಷ್ಟೇ ಏರಿಸುವ, ಇಳಿಸುವ ಸಾಧನ) ಹಾಕಿ ಈ ಖಾಲಿ ಜಾಗ ತುಂಬಲು ಆಗಲ್ಲ. ಕುರ್ಚಿಯನ್ನು ಮುಂದಿನ ಗೋಡೆಯಿಂದ ನಾಲ್ಕಡಿ ದೂರಕ್ಕೆ ಸರಿಸಿ, ಲೋ ಎಂಡ್‌ನ, ಅಂದರೆ ತಳದ ಸದ್ದಿನ, ತೀರ್ಮಾನಗಳನ್ನು ಹೆಡ್‌ಫೋನ್‌ನಲ್ಲಿ ಮಾಡಿ, ಜೊತೆಗೆ ಯಾವ ಫ್ರೀಕ್ವೆನ್ಸಿ ಎಷ್ಟಿದೆ ಅಂತ ತೋರಿಸುವ, ವಾಕ್ಸೆಂಗೋ ಕಂಪನಿಯ ಸ್ಪ್ಯಾನ್ ತೆರೆದಿಟ್ಟುಕೊಳ್ಳಿ. ಅದು ಉಚಿತ. ಆಮೇಲೆ ಆ 6 ಡಿಬಿಯನ್ನು ಸೊನ್ನೆಗೆ ತನ್ನಿ.

ಈಗ ಡೊಳ್ಳು. ಡೊಳ್ಳು ಸೇರಿಸಿದ ಮೇಲೆ ಕಿಕ್ ಇನ್ನೂ ಸಣ್ಣದಾಯಿತು ಅಂತ ಬರೆದಿದ್ದೀರಲ್ಲ, ಅದು ಫೇಸ್ ಗಲಾಟೆ. 50 ಹರ್ಟ್ಸ್‌ನ ಒಂದು ಅಲೆಗೆ 20 ಮಿಲಿಸೆಕೆಂಡ್ ಬೇಕು. ಡೊಳ್ಳಿನ ಪೆಟ್ಟು ಅದರ ಅರ್ಧ, ಅಂದರೆ 10 ಮಿಲಿಸೆಕೆಂಡ್ ತಡವಾದರೂ ಸಾಕು: ಕಿಕ್ ಮೇಲಕ್ಕೆ ಹೋಗುವಾಗ ಡೊಳ್ಳು ಕೆಳಕ್ಕೆ ಎಳೆಯುತ್ತೆ, ಎರಡೂ ಸೇರಿ ಒಂದನ್ನೊಂದು ತಿಂದುಹಾಕುತ್ತವೆ. ಕೋಲು ಬಿದ್ದ ಗಳಿಗೆಗೂ ಚರ್ಮದ ದಪ್ಪ ನಾದ ಪೂರ್ತಿ ಏಳುವುದಕ್ಕೂ ನಡುವೆ ಸ್ವಲ್ಪ ಅಂತರ ಬೇರೆ ಇರುತ್ತೆ. ಆದ್ದರಿಂದ ಗ್ರಿಡ್ (ಸಾಫ್ಟ್‌ವೇರ್ ಪರದೆಯ ತಾಳದ ಗೆರೆಗಳು) ನಂಬಿಕೊಂಡು ಜೋಡಿಸಬೇಡಿ. ಡೊಳ್ಳಿಗೆ ಮೊದಲು ಹೈಪಾಸ್ ಹಾಕಿ, 110-120 ಹರ್ಟ್ಸ್‌ನಿಂದ ಕೆಳಗಿನದ್ದನ್ನು ಕತ್ತರಿಸಿ. ನಂತರ ಎರಡೂ ಟ್ರ್ಯಾಕ್ ಒಟ್ಟಿಗೆ ನುಡಿಸುತ್ತಾ ಡೊಳ್ಳಿನ ಕ್ಲಿಪ್ಪನ್ನು ಒಂದೊಂದೇ ಮಿಲಿಸೆಕೆಂಡ್ ಜರುಗಿಸಿ. ಅಲೆಯನ್ನು ತಲೆಕೆಳಗು ಮಾಡುವ ಪೊಲಾರಿಟಿ ಬಟನ್ ಒತ್ತಿಯೂ ನೋಡಿ. ಯಾವುದರಲ್ಲಿ ತಳ ದಪ್ಪಗಿದೆಯೋ ಅದೇ ಸರಿ. ಫಿಲ್ಟರ್ ಮೊದಲು, ಜರುಗಿಸುವುದು ಆಮೇಲೆ, ಯಾಕೆಂದರೆ ಹೈಪಾಸ್ ಕೂಡ ಫೇಸನ್ನು ತಿರುಗಿಸುತ್ತೆ. ಫೇಸ್ ತಿರುಗದಿರಲಿ ಅಂತ ಲೀನಿಯರ್ ಫೇಸ್ ಈಕ್ಯೂ ಹಾಕಿದರೆ ಪೆಟ್ಟಿಗಿಂತ ಮುಂಚೆಯೇ ಒಂದು ಮಸುಕು ಗುಂಗು ಕೇಳಿಸಬಹುದು. ಕಿಕ್ ವಿಷಯದಲ್ಲಿ ನಾನಂತೂ ಅದನ್ನು ಮುಟ್ಟಲ್ಲ.

ಬೇಸ್ ಗಿಟಾರ್ ವಿಷಯ ನೀವು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ, ಆದರೆ ಕಾರಿನ ಅರ್ಧ ಗುಂಯ್ ಅದರದ್ದೇ ಇರಬೇಕು. ನಾಲ್ಕು ತಂತಿಯ ಬೇಸ್‌ನ ಅತಿ ಕೆಳಗಿನ ಇ ಸ್ವರ 41 ಹರ್ಟ್ಸ್, ಅದೇ ತಂತಿಯ ಮೇಲಿನ ಜಿ 49. ನಿಮ್ಮ ಬೇಸ್ ಲೈನ್ ಅಲ್ಲೇ ಓಡಾಡುತ್ತಿದ್ದರೆ ಕಿಕ್‌ಗೂ ಅದಕ್ಕೂ ಜಗಳ ತಪ್ಪಿದ್ದಲ್ಲ. ಇಬ್ಬರಲ್ಲಿ ತಳ ಯಾರದ್ದು ಅಂತ ಒಂದು ಸಲ ನಿರ್ಧಾರ ಮಾಡಿ. ಕಿಕ್ ತಳದಲ್ಲಿರಲಿ ಅಂದರೆ ಬೇಸ್ ಮೇಲೆ ಟಿಡಿಆರ್ ನೋವಾ ಅನ್ನುವ ಈಕ್ಯೂ ಹಾಕಿ. ಇದೂ ಉಚಿತ. 60ರ ಸುತ್ತ ಒಂದು ಬ್ಯಾಂಡ್ ತೆಗೆದುಕೊಂಡು, ಕಿಕ್‌ನಿಂದ ಸೈಡ್‌ಚೈನ್ ಕೊಟ್ಟು (ಅಂದರೆ ಕಿಕ್‌ನ ಸದ್ದೇ ಅದನ್ನು ನಡೆಸುವಂತೆ ಮಾಡಿ), ಕಿಕ್ ಬಿದ್ದಾಗ ಮಾತ್ರ 3-4 ಡಿಬಿ ಇಳಿಯುವ ಹಾಗೆ ಮಾಡಿ. ಪ್ರತಿ ಕಿಕ್‌ಗೂ ಇಡೀ ಬೇಸನ್ನು ತಗ್ಗಿಸಿ ಎತ್ತಿ ಪಂಪ್ ಹೊಡೆಸುವುದು ಕ್ಲಬ್ ಹಾಡಿಗೆ ಚೆಂದ, ನಿಮ್ಮದು ಜನಪದದ ಧಾಟಿ ಅಂತೀರಿ, ಅದಕ್ಕೆ ಒಗ್ಗಲ್ಲ.

ಇನ್ನು ಕಂಪ್ರೆಸರ್, ಅಂದರೆ ಜೋರಾದ ಸದ್ದನ್ನು ತಗ್ಗಿಸುವ ಸಾಧನ. ಅದರ ರಿಲೀಸ್ (ತಗ್ಗಿಸಿದ್ದನ್ನು ಬಿಡಲು ಹಿಡಿಯುವ ಸಮಯ) 5 ಮಿಲಿಸೆಕೆಂಡ್ ಇಟ್ಟಿದ್ದೀರಿ. ಒಂದು ಅಲೆಗೇ 20 ಮಿಲಿಸೆಕೆಂಡ್ ಬೇಕಿರುವಾಗ ಅದಕ್ಕಿಂತ ಚುರುಕಾದ ರಿಲೀಸ್ ಕೊಟ್ಟರೆ ಕಂಪ್ರೆಸರ್ ಪೆಟ್ಟನ್ನು ಬಿಟ್ಟು ಅಲೆಯ ಏರಿಳಿತವನ್ನೇ ಹಿಡಿಯಲು ಹೋಗುತ್ತೆ. ಗೊರಗೊರ ಸದ್ದು ಕೇಳಿಸುತ್ತೆ ಅಂದಿದ್ದೀರಲ್ಲ, ಅದು ಇದರಿಂದಲೇ. ರಿಲೀಸನ್ನು 80-100ಕ್ಕೆ ಒಯ್ಯಿರಿ. ಅಟ್ಯಾಕ್ (ತಗ್ಗಿಸಲು ಶುರುಮಾಡುವ ಸಮಯ) 20-30 ಇರಲಿ, ಪೆಟ್ಟಿನ ಮೊನೆ ಉಳಿಯುತ್ತೆ. ನೀವು ಹಾಕಿರುವ ಎರಡು ಲಿಮಿಟರ್‌ಗಳಲ್ಲಿ (ಸದ್ದು ಒಂದು ಮಿತಿ ದಾಟದಂತೆ ತಡೆಯುವಂಥವು) ಎರಡನೆಯದನ್ನು ತೆಗೆದುಬಿಡಿ.

ಉಳಿದಿದ್ದು ಫೋನು. ಅದರ ಪುಟಾಣಿ ಸ್ಪೀಕರ್ 60 ಹರ್ಟ್ಸ್ ಕೊಡಲಾರದು, ನೀವೆಷ್ಟೇ ಎತ್ತಿ. ಆದರೆ 120, 180, 240 ಕೇಳಿಸಿದರೆ ಅದರ ಮೂಲವಾದ 60 ಇದೆ ಅಂತ ನಮ್ಮ ಮೆದುಳೇ ಲೆಕ್ಕ ಹಾಕಿಕೊಳ್ಳುತ್ತೆ. ವೇವ್ಸ್ ಕಂಪನಿಯ ಮ್ಯಾಕ್ಸ್‌ಬೇಸ್, ಆರ್‌ಬೇಸ್ ಪ್ಲಗಿನ್‌ಗಳು ಮಾಡುವುದು ಇದನ್ನೇ. ದುಡ್ಡು ಕೊಡದೆಯೂ ಮಾಡಬಹುದು: ಕಿಕ್ಕನ್ನು ಇನ್ನೊಂದು ಬಸ್‌ಗೆ (ಪ್ರತಿ ಹೋಗುವ ಪಕ್ಕದ ಚಾನೆಲ್) ಕಳಿಸಿ, ಅಲ್ಲಿ ಸದ್ದನ್ನು ಒರಟಾಗಿಸಿ ಇಂಥ ಮೇಲಿನ ಸ್ವರಗಳನ್ನು ಹುಟ್ಟಿಸುವ ಸಾಫ್ಟ್‌ಟ್ಯೂಬ್ ಕಂಪನಿಯ ಉಚಿತ ಸ್ಯಾಚುರೇಶನ್ ನಾಬ್ ಹಾಕಿ ಒರಟಾಗಿಯೇ ತಿರುಗಿಸಿ, ಅದರ ನಂತರ 120ರಲ್ಲಿ ಹೈಪಾಸ್ ಹಾಕಿ, ಫೋನಿನಲ್ಲಿ ಕಿಕ್ ಕಾಣಿಸಿಕೊಳ್ಳುವವರೆಗೆ ಮಾತ್ರ ಆ ಬಸ್‌ನ ಫೇಡರ್ ಎತ್ತಿ. ಮೂಲ ಕಿಕ್ ಜೊತೆ ಫೇಸ್ ಕೂಡುತ್ತಿದೆಯಾ ಅಂತ ಇಲ್ಲೂ ಒಮ್ಮೆ ಪೊಲಾರಿಟಿ ತಿರುಗಿಸಿ ನೋಡಿ. ಡೊಳ್ಳಿನ ಕೋಲಿನ ಟಪ್ ಸದ್ದು ಹೇಗೂ 2-4 ಕಿಲೋಹರ್ಟ್ಸ್‌ನಲ್ಲಿ ಇದ್ದೇ ಇರುತ್ತೆ, ಬೇರೆ ಕ್ಲಿಕ್ ಸ್ಯಾಂಪಲ್ ಹುಡುಕುವ ಅಗತ್ಯವಿಲ್ಲ.

ಇಷ್ಟಾದ ಮೇಲೂ ದುಡ್ಡು ಕೈ ಕಡಿಯುತ್ತಿದ್ದರೆ ಒಂದು ಮೆಷರ್‌ಮೆಂಟ್ ಮೈಕ್ ತೆಗೆದುಕೊಳ್ಳಿ. ರೂಮಿನ ಸದ್ದು ಅಳೆಯುವ ಸಾಫ್ಟ್‌ವೇರ್ ರೂಮ್ ಈಕ್ಯೂ ವಿಜರ್ಡ್ ಉಚಿತ. ಕುರ್ಚಿಯ ಜಾಗದಲ್ಲಿ ಮೈಕ್ ಇಟ್ಟು ಸ್ವೀಪ್ (ತಗ್ಗಿನಿಂದ ಎತ್ತರಕ್ಕೆ ಏರುವ ಪರೀಕ್ಷಾ ಸ್ವರ) ಓಡಿಸಿ, ಸಿಕ್ಕ ಗ್ರಾಫನ್ನು ಇಲ್ಲೇ ಕೆಳಗೆ ಹಾಕಿ. ಯಾವ ಮೂಲೆಗೆ ಬೇಸ್ ಟ್ರ್ಯಾಪ್ (ತಳದ ಸದ್ದನ್ನು ಹೀರುವ ದಪ್ಪ ಪ್ಯಾನೆಲ್) ಬೇಕು ಅಂತ ನೋಡಿ ಹೇಳುತ್ತೇನೆ.