ಫೋಟೊದಲ್ಲಿ ಕಾಣದ ತಿಮಿಂಗಿಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ಸಂಚಿಕೆಯಲ್ಲಿ ಹವಾಯಿಯ ಓಶನ್ ರಾಮ್ಸಿ ಬಗ್ಗೆ ಎರಡು ಪ್ಯಾರಾ ಬರೆದಿದ್ದೆ. ಶಾರ್ಕ್‌ಗಳ ಜೊತೆ ಪಂಜರವಿಲ್ಲದೆ ಈಜಿ, ಅವುಗಳ ಮೈ ಮುಟ್ಟಿ ಹೆಸರಾದವರು ಅವರು. ‘ಅದು ಧೈರ್ಯ ಇರಬಹುದು, ಆದರೆ ಪಾಠ ಅಲ್ಲ’ ಅಂದಿದ್ದೆ. ಬಂದ ಪತ್ರಗಳಲ್ಲಿ ಅರ್ಧ ಬೈಗುಳ, ಅರ್ಧ ಪ್ರಶ್ನೆ. ಬೈಗುಳವನ್ನು ನಾನೇ ಇಟ್ಟುಕೊಂಡಿದ್ದೇನೆ. ಪ್ರಶ್ನೆಗಳು ಇಲ್ಲಿವೆ.

ಪ್ರಶ್ನೆ: ರಾಮ್ಸಿ ಸುಮಾರು ಇಪ್ಪತ್ತು ಅಡಿಯ ಬಿಳಿ ಶಾರ್ಕ್ ಮೈ ಮೇಲೆ ಕೈಯಿಟ್ಟು ಈಜಿದರು. ಅದು ಏನೂ ಮಾಡಲಿಲ್ಲ, ಆರಾಮಾಗಿ ಹೋಗುತ್ತಿತ್ತು. ಮತ್ತೆ ವಿಜ್ಞಾನಿಗಳಿಗೆ ಯಾಕೆ ಹೊಟ್ಟೆಯುರಿ? (ಓದುಗರು, ದಾವಣಗೆರೆ)

ಆ ಫೋಟೊ ಇನ್ನೊಮ್ಮೆ ನೋಡಿ. ನೀಲಿ ನೀರು. ಟೆಂಪೊದಷ್ಟು ದಪ್ಪದ ಮೀನು. ಅದರ ಪಕ್ಕ, ಕಾಲಿಗೆ ಉದ್ದನೆಯ ಈಜುರೆಕ್ಕೆ ಹಾಕಿಕೊಂಡ ಒಬ್ಬ ಪುಟ್ಟ ಹೆಂಗಸು. ಎಷ್ಟು ಚೆನ್ನಾಗಿದೆ ಅಲ್ವಾ? ಆದರೆ ಅಲ್ಲೇ ಹತ್ತಿರದಲ್ಲಿ ತೇಲುತ್ತಿದ್ದ ಒಂದು ಹೆಣ ಆ ಫೋಟೊದಲ್ಲಿಲ್ಲ.

2019ರ ಜನವರಿಯಲ್ಲಿ ಹವಾಯಿಯ ಒಆಹು ದ್ವೀಪದ ದಕ್ಷಿಣಕ್ಕೆ ಒಂದು ಸತ್ತ ಸ್ಪರ್ಮ್ ತಿಮಿಂಗಿಲ ತೇಲುತ್ತಿತ್ತು. ಅದನ್ನು ಕಿತ್ತು ತಿನ್ನಲು ಟೈಗರ್ ಶಾರ್ಕ್‌ಗಳು ಬಂದಿದ್ದವು. ಈ ದೊಡ್ಡ ಹೆಣ್ಣು ಬಿಳಿ ಶಾರ್ಕ್ ಬಂದದ್ದೂ ಅದಕ್ಕೇ, ರಾಮ್ಸಿಯವರನ್ನು ನೋಡುವುದಕ್ಕಲ್ಲ. ಟನ್ನುಗಟ್ಟಲೆ ಕೊಬ್ಬು ಕಣ್ಣೆದುರಿಗೇ ಇರುವಾಗ ಪಕ್ಕದಲ್ಲಿ ಯಾರು ಈಜಿದರೆ ಅದಕ್ಕೇನು? ಮದುವೆ ಊಟ ಮುಗಿಸಿ ಎಲೆಅಡಿಕೆ ಹಾಕಿಕೊಂಡು ಕೂತಿರುವ ದೊಡ್ಡಪ್ಪನ ಹತ್ತಿರ ಯಾರು ಬೇಕಾದರೂ ಹೋಗಿ ಸಾಲ ಕೇಳಬಹುದು. ಅದನ್ನೇ ನೋಡಿ, ದೊಡ್ಡಪ್ಪ ಯಾವಾಗಲೂ ಹೀಗೇ ಅಂದುಕೊಂಡರೆ ಕೆಟ್ಟಿರಿ.

ವಿಜ್ಞಾನಿಗಳ ತಕರಾರು ಇದ್ದದ್ದು ಇಲ್ಲಿ. ಬಿಳಿ ಶಾರ್ಕ್ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ ಮೈಕೆಲ್ ಡೊಮಯರ್ ಅಂಥವರು ಆಗಲೇ ಬಹಿರಂಗವಾಗಿ ಟೀಕಿಸಿದರು. ಕಾಡುಪ್ರಾಣಿ ಉಣ್ಣುತ್ತಿರುವಾಗ ಅದರ ಮೈ ಮೇಲೆ ಕೈ ಹಾಕುವುದು ಪ್ರೀತಿಯಲ್ಲ, ಕಾಟ ಎಂಬುದು ಅವರ ಮಾತಿನ ಸಾರ. 2013ರಲ್ಲಿ ಮೆಕ್ಸಿಕೊದ ಗ್ವಾಡಲೂಪೆ ದ್ವೀಪದ ಹತ್ತಿರ ಚಿತ್ರೀಕರಿಸಿದ್ದ, ‘ಡೀಪ್ ಬ್ಲೂ’ ಅಂತ ಹೆಸರು ಪಡೆದಿದ್ದ ಶಾರ್ಕ್ ಇದೇ ಎಂದು ಜಗತ್ತಿನ ಪತ್ರಿಕೆಗಳೆಲ್ಲ ಬರೆದವು. ಅಲ್ಲ, ಇದು ಬೇರೆಯೇ ಎಂಬ ವಾದವೂ ಹಿಂದೆಯೇ ಬಂತು. ಅಷ್ಟರಲ್ಲಿ ಫೋಟೊ ಊರೆಲ್ಲ ಸುತ್ತಾಗಿತ್ತು. ಹೆಣದ ಹತ್ತಿರ ಹೋಗಬೇಡಿ ಎಂದು ಹವಾಯಿ ಸರ್ಕಾರದವರು ಹೇಳುತ್ತಿದ್ದರೆ, ಇತ್ತ ಜನ ದೋಣಿ ಮಾಡಿಕೊಂಡು ನೋಡಲು ಹೊರಟಿದ್ದರು.

ರಾಮ್ಸಿ ಏನೂ ಗೊತ್ತಿಲ್ಲದವರಲ್ಲ. ಶಾರ್ಕ್ ಯಾವಾಗ ತಿರುಗುತ್ತದೆ, ಯಾವಾಗ ಸಿಟ್ಟಾಗಿದೆ ಎಂಬುದು ವರ್ಷಗಳ ಅನುಭವದಿಂದ ಅವರಿಗೆ ಗೊತ್ತು. ‘ನನ್ನ ಹಾಗೆ ಮಾಡಿ’ ಅಂತ ಅವರು ಹೇಳಿಯೂ ಇಲ್ಲ. ಆದರೆ ಫೋಟೊ ಹೇಳುತ್ತದೆ. ಅದರ ಕೆಳಗಿನ ಎಚ್ಚರಿಕೆ ಯಾರು ಓದುತ್ತಾರೆ?

ಪ್ರಶ್ನೆ: ಶಾರ್ಕ್‌ಗೆ ಮೈ ಸವರಿದರೆ ಇಷ್ಟವಂತೆ, ನಿದ್ದೆ ಹೋಗುತ್ತದಂತೆ, ನಿಜವೇ? (ಓದುಗರು, ಹಾಸನ)

ನಿದ್ದೆಯಲ್ಲ. ಹಲವು ಜಾತಿಯ ಶಾರ್ಕ್‌ಗಳನ್ನು ಬೆನ್ನಡಿಯಾಗಿ ತಿರುಗಿಸಿದರೆ ಸ್ವಲ್ಪ ಹೊತ್ತು ಮರಗಟ್ಟಿದ ಹಾಗೆ ಆಗುತ್ತವೆ. ಮೂತಿಯ ಹತ್ತಿರ ಸವರಿದಾಗ ಕೆಲವು ಸುಮ್ಮನಾಗುವುದೂ ಉಂಟು. ಮೂತಿಯ ತುಂಬ ಸೂಜಿ ಚುಚ್ಚಿದಂಥ ಸಣ್ಣ ರಂಧ್ರಗಳಿವೆ. ಬೇರೆ ಪ್ರಾಣಿಯ ಮೈಯಿಂದ ಹೊಮ್ಮುವ ತೀರ ಸಣ್ಣ ವಿದ್ಯುತ್ತನ್ನೂ ಅವು ಹಿಡಿಯುತ್ತವೆ. ಅಂಥ ಜಾಗದ ಮೇಲೆ ಕೈಯಿಟ್ಟರೆ ಅದಕ್ಕೆ ಏನಾದರೂ ಆಗಲೇಬೇಕು. ಅದು ಸುಖ ಅಂತ ತೀರ್ಮಾನ ಮಾಡಿದ್ದು ನಾವು.

ಒಮ್ಮೆ ಮಲ್ಪೆಯ ದಕ್ಕೆಯಲ್ಲಿ ಬುಟ್ಟಿಯಲ್ಲಿದ್ದ ಒಂದು ತಾಟೆ ಮೀನಿನ ಮೈ ಸವರಿ ನೋಡಿದೆ. ಅಲ್ಲಿ ಸಣ್ಣ ಶಾರ್ಕ್‌ಗೆ ತಾಟೆ ಅಂತಾರೆ. ತಲೆಯಿಂದ ಬಾಲದ ಕಡೆಗೆ ಕೈ ಆಡಿಸಿದರೆ ನುಣುಪು. ಬಾಲದಿಂದ ತಲೆ ಕಡೆಗೆ ಆಡಿಸಿದೆ ನೋಡಿ, ಬಡಗಿಯ ಸ್ಯಾಂಡ್‌ಪೇಪರಿನ ಹಾಗೆ ಅಂಗೈ ತರಚಿತು. ಚರ್ಮದ ತುಂಬ ಹಲ್ಲಿನಂಥ ಸಣ್ಣ ಹುರುಪೆ. ಮೀನು ಮಾರುತ್ತಿದ್ದ ಅಮ್ಮ ಒಬ್ಬರು, “ಸತ್ತದ್ದೇ ಹೀಗೆ, ಇನ್ನು ಬದುಕಿದ್ದರೆ?” ಅಂತ ನಕ್ಕರು.

ಎರಿಕ್ ರಿಟ್ಟರ್ ಎಂಬ ಸ್ವಿಸ್ ಶಾರ್ಕ್ ತಜ್ಞರಿದ್ದರು. ಮನುಷ್ಯ ಹೆದರದೆ, ಮೈಯನ್ನು ಸರಿಯಾಗಿ ಇಟ್ಟುಕೊಂಡು ನಿಂತರೆ ಶಾರ್ಕ್ ಕಚ್ಚುವುದಿಲ್ಲ ಎಂಬುದು ಅವರ ನಂಬಿಕೆ. 2002ರಲ್ಲಿ ಬಹಾಮಾಸ್‌ನಲ್ಲಿ ಟಿವಿ ಕ್ಯಾಮೆರಾ ಎದುರಿಗೆ, ಆಳವಿಲ್ಲದ ನೀರಿನಲ್ಲಿ, ಬುಲ್ ಶಾರ್ಕ್‌ಗಳ ನಡುವೆ ನಿಂತು ಅದನ್ನೇ ತೋರಿಸುತ್ತಿದ್ದಾಗ ಒಂದು ಶಾರ್ಕ್ ಅವರ ಮೀನಖಂಡವನ್ನು ಕಿತ್ತುಕೊಂಡು ಹೋಯಿತು. ಬದುಕಿ ಉಳಿದರು, ವಾಪಸ್ ನೀರಿಗೂ ಇಳಿದರು. ಅವರ ಮಾತು ಪೂರ್ತಿ ಸುಳ್ಳೂ ಅಲ್ಲ. ಹೆದರಿ ನೀರು ಬಡಿದರೆ ಅಪಾಯ ಜಾಸ್ತಿ ಎಂಬುದು ಈಗಲೂ ಡೈವಿಂಗ್ ಕಲಿಸುವವರು ಹೇಳುವ ಮಾತೇ. ಆದರೆ ಶಾರ್ಕ್‌ಗಳು ಅವರ ಪುಸ್ತಕ ಓದಿರಲಿಲ್ಲ.

ಪ್ರಶ್ನೆ: ಒಂದು ತೊಟ್ಟು ರಕ್ತ ಬಿದ್ದರೆ ಮೈಲಿಗಟ್ಟಲೆ ದೂರದಿಂದ ಶಾರ್ಕ್ ಬರುತ್ತದಾ? (9ನೇ ತರಗತಿ ವಿದ್ಯಾರ್ಥಿನಿ, ಶಿರಸಿ)

ಇಲ್ಲ ಪುಟ್ಟಾ. ಮೂಗು ಬಹಳ ಚುರುಕು, ನಿಜ. ಆದರೆ ವಾಸನೆ ನೀರಿನ ಹರಿವಿನ ಜೊತೆ ಅದರ ಮೂಗಿನ ತನಕ ಬಂದು ಮುಟ್ಟಬೇಕಲ್ಲ. ಒಂದು ತೊಟ್ಟು ಅಷ್ಟು ದೂರ ಹೋಗುವುದರೊಳಗೆ ಕಡಲಲ್ಲಿ ಕರಗಿ ಲೆಕ್ಕಕ್ಕೇ ಸಿಗುವುದಿಲ್ಲ. ಸಿನಿಮಾದವರ ಮಾತು ಅದು.

ಪ್ರಶ್ನೆ: ದಿನಾ ಮೀನು ಹಾಕಿದರೆ ಶಾರ್ಕ್ ಕೂಡ ನಾಯಿ ತರಹ ಪಳಗುವುದಿಲ್ಲವೇ? ಪ್ರಾಣಿ ಪ್ರೀತಿಗೆ ಒಲಿಯುತ್ತದೆ ಎಂದು ನಾನು ನಂಬಿದವನು. (ಓದುಗರು, ಬೆಂಗಳೂರು)

ಪಳಗುವುದು ಬೇರೆ, ರೂಢಿಯಾಗುವುದು ಬೇರೆ ಸ್ವಾಮಿ. ನಾಯಿ ನಮ್ಮ ಜೊತೆ ಸಾವಿರಾರು ವರ್ಷ, ತಲೆಮಾರಿನಿಂದ ತಲೆಮಾರಿಗೆ ಬದಲಾಗುತ್ತ ಬಂದಿದೆ. ಮೀನು ತಿಂದ ಶಾರ್ಕ್ ಕಲಿಯುವುದು ಒಂದೇ ಮಾತು: ಮನುಷ್ಯ ಇದ್ದಲ್ಲಿ ತಿಂಡಿ ಇರುತ್ತದೆ. ಮುಂದೆ ಬರುವವನ ಕೈಯಲ್ಲಿ ತಿಂಡಿ ಇಲ್ಲದಿದ್ದರೆ? ಅದು ಅವನ ಹಣೆಬರಹ.

ಇಸ್ರೇಲಿನ ಹದೇರಾ ಊರಿನ ಕಡಲತೀರದಲ್ಲಿ ಒಂದು ವಿದ್ಯುತ್ ಸ್ಥಾವರ ಇದೆ. ಅದರಿಂದ ಬೆಚ್ಚನೆಯ ನೀರು ಕಡಲಿಗೆ ಬೀಳುತ್ತದೆ. ಚಳಿಗಾಲದಲ್ಲಿ ಆ ಬೆಚ್ಚಗಿನ ನೀರಿಗೆ ಡಸ್ಕಿ ಮತ್ತು ಸ್ಯಾಂಡ್‌ಬಾರ್ ಎಂಬ ಎರಡು ಜಾತಿಯ ಶಾರ್ಕ್‌ಗಳು ಬಂದು ಸೇರುತ್ತವೆ. ಎರಡೂ ಸಾಮಾನ್ಯವಾಗಿ ಮನುಷ್ಯರ ತಂಟೆಗೆ ಬರುವ ಜಾತಿಗಳಲ್ಲ. ವರ್ಷಾವರ್ಷ ಜನ ಅವುಗಳನ್ನು ನೋಡಲು ಬಂದರು, ನೀರಿಗಿಳಿದರು, ಮೀನು ಎಸೆದರು, ಮುಟ್ಟಿದರು. ಅಲ್ಲಿ ಈಜಬಾರದು ಎಂಬ ನಿಯಮ ಇತ್ತು. 2025ರ ಏಪ್ರಿಲ್‌ನಲ್ಲಿ ಒಬ್ಬರು ಶಾರ್ಕ್ ದಾಳಿಗೆ ಸಿಕ್ಕಿ ಸತ್ತರು. ದಡದಲ್ಲಿ ನಿಂತವರ ಮೊಬೈಲಿನಲ್ಲಿ ಅದು ದಾಖಲಾಯಿತು. ಮೀನು ಎಸೆದವರೆಲ್ಲ ಅಂದು ಮನೆಯಲ್ಲೇ ಇದ್ದರೋ ಏನೋ.

ಇದಕ್ಕೇ ಫ್ಲಾರಿಡಾ ರಾಜ್ಯದವರು ತಮ್ಮ ಕಡಲಲ್ಲಿ ಮೀನು ಹಾಕಿ ಶಾರ್ಕ್ ಕರೆದು ಡೈವಿಂಗ್ ಮಾಡಿಸುವುದನ್ನು 2002ರಲ್ಲೇ ನಿಲ್ಲಿಸಿದರು. ನನ್ನ ಗೆರೆ ಇರುವುದೂ ಇಲ್ಲೇ. ನೋಡಿ, ಬೇಕಾದರೆ ದೂರದಿಂದ ಜೊತೆಗೆ ಈಜಿ. ಕೈಯಲ್ಲಿ ತಿಂಡಿ ಬೇಡ.

ಪ್ರಶ್ನೆ: ಶಾರ್ಕ್ ಮೀನು, ಬಿಡಿ. ಬುದ್ಧಿ ಇರುವ ಪ್ರಾಣಿ, ಕರಡಿ ತರಹದ್ದು, ಗುರುತು ಹಿಡಿಯುತ್ತದಲ್ಲ? (ಓದುಗರು, ಹೊಸಪೇಟೆ)

ಗುರುತು ಹಿಡಿಯಬಹುದು. ಗುರುತಿದ್ದ ಮಾತ್ರಕ್ಕೆ ಬಿಟ್ಟುಬಿಡಬೇಕು ಎಂಬ ಕಟ್ಟುಪಾಡು ಅದಕ್ಕಿಲ್ಲ. ಅಮೆರಿಕದ ತಿಮೊತಿ ಟ್ರೆಡ್‌ವೆಲ್ ಎಂಬುವರು ಅಲಾಸ್ಕಾದ ಕಟ್ಮೈ ರಾಷ್ಟ್ರೀಯ ಉದ್ಯಾನದಲ್ಲಿ 13 ಬೇಸಿಗೆಗಳನ್ನು ಕಂದು ಕರಡಿಗಳ ನಡುವೆ ಕಳೆದರು. ಒಂದೊಂದಕ್ಕೂ ಹೆಸರಿಟ್ಟಿದ್ದರು, ಮುದ್ದು ಮಾತಾಡುತ್ತಿದ್ದರು. 2003ರಲ್ಲಿ ಎಂದಿಗಿಂತ ತಡವಾಗಿ, ಅಕ್ಟೋಬರ್ ತನಕ ಉಳಿದರು. ಚಳಿಗಾಲದ ನಿದ್ದೆಗೆ ಮುಂಚೆ ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಲು ಕರಡಿಗಳು ಬರಗೆಟ್ಟು ತಿನ್ನುವ ಕಾಲ ಅದು. ಒಂದು ಮುದಿ ಗಂಡು ಕರಡಿ ಅವರನ್ನೂ ಅವರ ಜೊತೆಗಿದ್ದ ಗೆಳತಿಯನ್ನೂ ಕೊಂದಿತು. ಹೆಣ ಹುಡುಕಿ ಹೋದ ಸಿಬ್ಬಂದಿ ಅಲ್ಲೇ ಎರಡು ಕರಡಿಗಳನ್ನು ಗುಂಡಿಟ್ಟು ಕೊಲ್ಲಬೇಕಾಯಿತು. ಕರಡಿ ಉಳಿಸಲು ಹೋದವರಿಂದ ಸತ್ತ ಕರಡಿಗಳವು. ಟ್ರೆಡ್‌ವೆಲ್ ಬಗ್ಗೆ ಓದಿದಾಗೆಲ್ಲ ನನಗೆ ಬೇಜಾರಾಗುವುದು ಆ ಎರಡು ಕರಡಿಗಳ ಸಲುವಾಗಿ, ಮತ್ತೆ ಆ ಹುಡುಗಿಯ ಸಲುವಾಗಿ.

ಪ್ರಶ್ನೆ: ನೀವು ಬರೀ ಒಂದು ಕಡೆಯದ್ದೇ ಹೇಳುತ್ತೀರಿ. ಹತ್ತಿರ ಹೋದವರಿಂದಲೇ ಅಲ್ಲವೇ ಶಾರ್ಕ್ ಬಗ್ಗೆ ಜನರ ಭಯ ಕಡಿಮೆಯಾದದ್ದು? (ಓದುಗರು, ದುಬೈ)

ಒಪ್ಪಿದೆ. ರಾಮ್ಸಿ ಮತ್ತು ಸಂಗಡಿಗರು ವರ್ಷಗಟ್ಟಲೆ ಓಡಾಡಿದ್ದೂ ಸೇರಿ ಹವಾಯಿಯಲ್ಲಿ 2021ರಲ್ಲಿ ಒಂದು ಕಾನೂನು ಬಂತು. ಬೇಕೆಂದೇ ಶಾರ್ಕ್ ಹಿಡಿಯುವುದು, ಕೊಲ್ಲುವುದು 2022ರ ಜನವರಿಯಿಂದ ಅಲ್ಲಿ ಅಪರಾಧ. ಅದು ಸಣ್ಣ ಕೆಲಸವಲ್ಲ. ಬಹಾಮಾಸ್‌ನ ಕ್ರಿಸ್ಟಿನಾ ಜೆನಾಟೊ ಶಾರ್ಕ್‌ಗಳ ಬಾಯಿಗೆ ಸಿಕ್ಕಿಕೊಂಡ ಗಾಳಗಳನ್ನು ಕೈಯಿಂದಲೇ ಕೀಳುತ್ತಾರೆ. ನೂರಾರು ಕಿತ್ತಿದ್ದಾರೆ. ಮೈಗೆ ಉಕ್ಕಿನ ಬಳೆಗಳ ಕವಚ ಇರುತ್ತದೆ, ಅದನ್ನು ಮರೆಯಬೇಡಿ. ಅವರೂ ಶಾರ್ಕ್‌ಗೆ ಮೀನು ಹಾಕುವವರೇ, ಹಾಗಾಗಿ ನನ್ನ ಗೆರೆ ಇಲ್ಲಿ ಸ್ವಲ್ಪ ಅಳಿಸಿಹೋಗುತ್ತದೆ, ಒಪ್ಪಿಕೊಳ್ಳುತ್ತೇನೆ. ಫಿಜಿಯಲ್ಲಂತೂ ಶಾರ್ಕ್ ನೋಡಲು ಬರುವ ಡೈವರ್‌ಗಳು ಕೊಡುವ ಶುಲ್ಕ ಹತ್ತಿರದ ಹಳ್ಳಿಗಳಿಗೆ ಹೋಗುತ್ತದೆ. ಅದಕ್ಕೆ ಬದಲಾಗಿ ಹಳ್ಳಿಯವರು ಡೈವಿಂಗ್ ನಡೆಯುವ ಹವಳದ ದಿಬ್ಬದಲ್ಲಿ ಮೀನು ಹಿಡಿಯುವುದನ್ನು ಬಿಟ್ಟಿದ್ದಾರೆ.

ಆದರೆ ಇದೇ ದಂಧೆ ಕೆಟ್ಟರೆ ಏನಾಗುತ್ತದೆ ಎಂಬುದಕ್ಕೆ ಮತ್ತೆ ಗ್ವಾಡಲೂಪೆಗೇ ಹೋಗಬೇಕು. ಅಲ್ಲಿ ಮೀನಿನ ತುಂಡು ತೋರಿಸಿ ಬಿಳಿ ಶಾರ್ಕ್‌ಗಳನ್ನು ಪಂಜರದ ಹತ್ತಿರ ಕರೆಯುತ್ತಿದ್ದರು. 2016ರಲ್ಲಿ ಒಂದು ಶಾರ್ಕ್ ಪಂಜರದೊಳಗೇ ನುಗ್ಗಿತು. ಶಾರ್ಕ್‌ಗೆ ಹಿಂದಕ್ಕೆ ಈಜಲು ಬರುವುದಿಲ್ಲ. ಹೊರಗೆ ಬರಲು ಅದು ಒದ್ದಾಡಿದ್ದು ನೋಡಲಾಗುವುದಿಲ್ಲ. ಒಳಗಿದ್ದ ಮನುಷ್ಯ ಅದೃಷ್ಟಕ್ಕೆ ಬಚಾವಾದ. 2019ರಲ್ಲಿ ಇನ್ನೊಂದರ ತಲೆ ಸರಳುಗಳ ನಡುವೆ ಸಿಕ್ಕಿ, ಮೈಯೆಲ್ಲ ರಕ್ತ ಮಾಡಿಕೊಂಡು ಆಳಕ್ಕೆ ಜಾರಿಹೋಯಿತು. 2023ರ ಜನವರಿಯಲ್ಲಿ ಮೆಕ್ಸಿಕೊ ಸರ್ಕಾರ ಅಲ್ಲಿ ಶಾರ್ಕ್ ಪ್ರವಾಸವನ್ನೇ ಮುಚ್ಚಿಬಿಟ್ಟಿತು.

ಪ್ರಶ್ನೆ: ಇಷ್ಟೆಲ್ಲ ಹೇಳುವ ನೀವು ತಾಟೆ ಸಾರು ತಿನ್ನುತ್ತೀರಾ? (ಓದುಗರು, ಉಡುಪಿ)

ತಿಂದಿದ್ದೇನೆ. ಸಿಕ್ಕಿಬಿದ್ದೆ. ಅಂದಹಾಗೆ ನಿಮ್ಮ ಚುಚ್ಚುಮಾತಿನಲ್ಲಿ ಈ ಅಂಕಣದ ಅತಿ ದೊಡ್ಡ ಲೆಕ್ಕ ಇದೆ. 2024ರಲ್ಲಿ ಜಗತ್ತಿನಲ್ಲೆಲ್ಲ ಸೇರಿ ಮನುಷ್ಯ ಕೆಣಕದೆ ಶಾರ್ಕ್ ಕಚ್ಚಿದ್ದು 47 ಸಲ ಎಂದು ಫ್ಲಾರಿಡಾದಲ್ಲಿ ಆ ದಾಖಲೆ ಇಡುವವರು ಹೇಳುತ್ತಾರೆ. ಮುಟ್ಟಲು, ಉಣಿಸಲು ಹೋಗಿ ಕಚ್ಚಿಸಿಕೊಂಡರೆ ಅದನ್ನು ಬೇರೆ ಪಟ್ಟಿಗೆ, ‘ಕೆಣಕಿದ್ದು’ ಅನ್ನುವ ಪಟ್ಟಿಗೆ ಹಾಕುತ್ತಾರೆ. ನಾವು ವರ್ಷಕ್ಕೆ ಕೊಲ್ಲುವ ಶಾರ್ಕ್ ಎಷ್ಟು? 2013ರ ಒಂದು ಅಂದಾಜಿನ ಪ್ರಕಾರ ಸುಮಾರು 10 ಕೋಟಿ. ಭಾರತ 2015ರಲ್ಲಿ ಶಾರ್ಕ್ ರೆಕ್ಕೆಯ ರಫ್ತು ನಿಲ್ಲಿಸಿತು. ತಿಮಿಂಗಿಲ ಶಾರ್ಕ್‌ಗೆ 2001ರಿಂದಲೇ ಹುಲಿಗೆ ಇರುವಷ್ಟೇ ರಕ್ಷಣೆ. ಉಳಿದ ಎಷ್ಟೋ ಜಾತಿಗಳು ಬಲೆಗೆ ಬಿದ್ದರೆ ಬುಟ್ಟಿಗೇ.

ಪ್ರಶ್ನೆ: ದಾಂಡೇಲಿ ಕಡೆ ಕಾಳಿ ನದಿ ದಂಡೆಯ ಒಂದು ರೆಸಾರ್ಟಿನಲ್ಲಿ ಉಳಿದಿದ್ದೆವು. ಸಂಜೆ ಒಬ್ಬ ಹುಡುಗ ಬಕೆಟ್‌ನಲ್ಲಿ ಕೋಳಿ ತ್ಯಾಜ್ಯ ತಂದು ಸುರಿದ. ಐದೇ ನಿಮಿಷದಲ್ಲಿ ಮೊಸಳೆ ಬಂತು, ಎಲ್ಲರೂ ವಿಡಿಯೊ ಮಾಡಿಕೊಂಡರು. ಇದು ತಪ್ಪೇ? (ಓದುಗರು, ಹುಬ್ಬಳ್ಳಿ)

ಜಾಗದ ಹೆಸರು ನಿಮ್ಮ ಪತ್ರದಲ್ಲಿತ್ತು, ನಾನೇ ತೆಗೆದಿದ್ದೇನೆ. ನಿಮ್ಮ ಪತ್ರದಲ್ಲಿ ನನ್ನನ್ನು ಹೆದರಿಸಿದ್ದು ಮೊಸಳೆಯಲ್ಲ, ಆ ‘ಐದೇ ನಿಮಿಷ’. ಅಂದರೆ ಅದು ಬಕೆಟ್ ಸದ್ದಿಗೆ ಕಾದಿತ್ತು. ಹೊತ್ತು, ಜಾಗ ಎರಡೂ ಅದಕ್ಕೆ ಗೊತ್ತು. ಮೊಸಳೆ ನೀರಿನಲ್ಲಿ ಅಲುಗಾಡದೆ ಕಾದು ಹಿಡಿಯುವ ಪ್ರಾಣಿ. ಅದೇ ಹೊತ್ತಿಗೆ ಅದೇ ದಂಡೆಗೆ ಬಟ್ಟೆ ಒಗೆಯಲು ಯಾರೋ ಬಂದು ಕೊಡ ಮುಳುಗಿಸಿದರೆ ಆ ಸದ್ದು ಬಕೆಟ್‌ದಲ್ಲ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು? ನೀವು ವಿಡಿಯೊ ಮಾಡಿಕೊಂಡು ಹುಬ್ಬಳ್ಳಿಗೆ ಬಂದಿರಿ. ಆ ದಂಡೆಯವರು ಅಲ್ಲೇ ಇದ್ದಾರೆ.

ಕಾನೂನಿನ ಮಾತೂ ಹೇಳಿಬಿಡುತ್ತೇನೆ. ನಮ್ಮ ವನ್ಯಜೀವಿ ಕಾಯ್ದೆ ‘ಬೇಟೆ’ ಅಂದರೆ ಏನು ಎಂದು ವಿವರಿಸುವಾಗ ಬರೀ ಕೊಲ್ಲುವುದನ್ನು ಹೇಳುವುದಿಲ್ಲ, ಆಮಿಷ ಒಡ್ಡುವುದನ್ನೂ ಅದರಲ್ಲೇ ಸೇರಿಸಿದೆ. ಆ ಹುಡುಗನ ಮೇಲೆ ಸಿಟ್ಟು ಬೇಡ, ಅವನು ಸಂಬಳಕ್ಕೆ ಬಕೆಟ್ ಹೊತ್ತವನು. ಅದನ್ನು ಕೊಟ್ಟು ಕಳಿಸಿದವರು ಬೇರೆ. ನಿಮ್ಮ ಮೊಬೈಲಿನಲ್ಲಿ ಆ ವಿಡಿಯೊ ಇನ್ನೂ ಇದ್ದರೆ ಅಳಿಸಬೇಡಿ. ಸ್ಟೇಟಸ್‌ಗೂ ಹಾಕಬೇಡಿ. ದಿನಾಂಕದ ಜೊತೆ ಅಲ್ಲಿನ ಅರಣ್ಯ ಇಲಾಖೆ ಕಚೇರಿಗೆ ಕಳಿಸಿ, ಕಳಿಸಿದ ಮೇಲೆ ನನಗೊಂದು ಸಾಲು ಬರೆಯಿರಿ.