ಚೌಕ, ತ್ರಿಕೋನ ಕೊಟ್ಟರೆ ಮಗಳು ಬರೀ ಮನೆ ಮಾಡುತ್ತಾಳೆ, ವಸ್ತುಗಳನ್ನು ಇದ್ದ ಹಾಗೆ ತೋರಿಸದೆ ಬರೀ ಆಕಾರ, ಬಣ್ಣದಲ್ಲಿ ಹೇಳುವ ಅಮೂರ್ತ ಕಲೆ ಹೇಳಿಕೊಡೋದು ಹೇಗೆ?

ಏಳು ವರ್ಷದ ಮಗಳಿಗೆ ಬಣ್ಣದ ಕಾಗದದ ಆಕಾರ ಕತ್ತರಿಸಿ ಕೊಟ್ಟರೆ ಪ್ರತಿ ಸಲವೂ ಮನೆ, ಸೂರ್ಯನನ್ನೇ ಅಂಟಿಸುತ್ತಾಳೆ ಅಂದಿದ್ದೀರಿ. ಅದು ಅವಳ ತಪ್ಪಲ್ಲ. ಚೌಕದ ಮೇಲೆ ತ್ರಿಕೋನ ಇಟ್ಟರೆ ಮನೆ ಅಂತ ಯುಕೆಜಿಯಲ್ಲೇ ನಾವು ಕಲಿಸಿಬಿಟ್ಟಿರುತ್ತೇವೆ.

ನಾನು ಭಾನುವಾರ ನಮ್ಮ ಬೀದಿಯ ಮಕ್ಕಳಿಗೆ ಚಿತ್ರ ಹೇಳಿಕೊಡುತ್ತೇನೆ. ಮೊದಮೊದಲು ‘ಏನಾದ್ರೂ ಮಾಡಿ’ ಅನ್ನುತ್ತಿದ್ದೆ, ಎಲ್ಲರ ಹಾಳೆಯಲ್ಲೂ ಮನೆಯೇ. ಈಗ ಒಂದು ಕ್ರಿಯಾಪದ ಕೊಡುತ್ತೇನೆ: ಬೀಳೋದು, ನೂಕೋದು, ಅಡಗೋದು, ಗುಂಪು ಬಿಟ್ಟು ಹೋಗೋದು. ಐದೇ ತುಂಡು, ಬೇರೆ ಬೇರೆ ಅಳತೆಯವು.

ಹೋದ ತಿಂಗಳು ‘ಬೀಳೋದು’ ಅಂದಾಗ ಒಬ್ಬ ಹುಡುಗ ದೊಡ್ಡ ಕಪ್ಪು ಚೌಕವನ್ನು ಹಾಳೆಯ ಮೇಲಂಚಿಗೆ ಓರೆಯಾಗಿಟ್ಟ, ಕೆಳಗೊಂದು ಪುಟ್ಟ ಹಳದಿ ವೃತ್ತ. ವೃತ್ತವನ್ನು ಹತ್ತಿರ ತಂದು ‘ಅಯ್ಯೋ, ಬಿತ್ತು’ ಅಂದ. ಎರಡು ಬೆರಳಗಲ ಪಕ್ಕಕ್ಕೆ ಸರಿಸಿ ‘ಈಗ ತಪ್ಪಿಸ್ಕೊಂತು’ ಅಂದ. ಮತ್ತೆ ಹತ್ತಿರ ತಂದ. ಆಕಾರಗಳ ನಡುವಿನ ಖಾಲಿ ಜಾಗಕ್ಕೂ ಬಲ ಇದೆ ಅನ್ನೋದು ಅವನ ಕೈಗೆ ತಿಳಿದುಹೋಗಿತ್ತು. ನನಗೆ ಕಣ್ಣು ತುಂಬಿ ಬಂತು.

ಅದಕ್ಕೇ ಮೊದಲ ಅರ್ಧ ಗಂಟೆ ಗೋಂದು ಕೊಡಲೇಬೇಡಿ. ಫ್ರಾನ್ಸಿನ ಚಿತ್ರಕಾರ ಆಂರಿ ಮಾತಿಸ್ 1953ರಲ್ಲಿ ‘ಬಸವನಹುಳು’ ಅನ್ನೋ ಚಿತ್ರ ಮಾಡಿದ್ದೂ ಹೀಗೇ. ವಯಸ್ಸಾಗಿ ಓಡಾಡಲು ಆಗದಿದ್ದಾಗ ಅವರು ಬಣ್ಣ ಹಚ್ಚಿದ ಕಾಗದ ಕತ್ತರಿಸಿ ಕೊಡುತ್ತಿದ್ದರು, ಅವರು ಹೇಳಿದಲ್ಲಿಗೆ ಸಹಾಯಕರು ಪಿನ್ನು ಚುಚ್ಚಿ ಸರಿಸುತ್ತಿದ್ದರು. ಅಂಟಿಸುವುದು ಕೊನೆಗೆ. ಎರಡೂ ಬದಿ ಮೂರು ಮೀಟರಿಗೆ ಹತ್ತಿರವಿರುವ ಆ ಚಿತ್ರವನ್ನು ಮೊಬೈಲಿನಲ್ಲಾದರೂ ಮಗಳಿಗೆ ತೋರಿಸಿ. ಹೆಸರು ಹೇಳಬೇಡಿ. ಕಣ್ಣು ಹೋದ ದಾರಿಯಲ್ಲಿ ಬೆರಳಾಡಿಸಲು ಹೇಳಿ, ಸುರುಳಿ ತಾನಾಗಿ ಸಿಗುತ್ತದೆ.

ಬಣ್ಣಕ್ಕೆ ಇನ್ನೊಂದು ಆಟ. ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಪಾಠ ಮಾಡುತ್ತಿದ್ದ ಚಿತ್ರಕಾರ ಕ್ಯಾಂಡಿನ್ಸ್ಕಿ, ಹಳದಿ, ಕೆಂಪು, ನೀಲಿಯಲ್ಲಿ ಯಾವುದು ಯಾವ ಆಕಾರಕ್ಕೆ ಅಂತ ಪ್ರಶ್ನಾವಳಿ ಹಂಚಿದ್ದರು. ಅವರ ಲೆಕ್ಕದಲ್ಲಿ ತ್ರಿಕೋನ ಹಳದಿ, ಚೌಕ ಕೆಂಪು, ವೃತ್ತ ನೀಲಿ. ನಮ್ಮಲ್ಲೊಬ್ಬಳು ತ್ರಿಕೋನಕ್ಕೆ ನೀಲಿ ಹಚ್ಚಿದಳು. ಯಾಕೆ ಅಂದರೆ, ‘ಚುಚ್ಚೋದು ತಣ್ಣಗಿರುತ್ತೆ, ಇಂಜೆಕ್ಷನ್ ಥರ.’ ಕ್ಯಾಂಡಿನ್ಸ್ಕಿ ಉತ್ತರಕ್ಕಿಂತ ಇದು ನನಗೆ ಹೆಚ್ಚು ಇಷ್ಟ.

‘ಇದೇನು?’ ಅಂತ ಮಾತ್ರ ಕೇಳಬೇಡಿ. ಕೇಳಿದ ಕೂಡಲೇ ಮನೆ ವಾಪಸ್ ಬರುತ್ತದೆ. ‘ಯಾವುದು ಭಾರ? ಯಾವುದಕ್ಕೆ ಅವಸರ?’ ಅನ್ನಿ. ಅಷ್ಟಾದರೂ ಮನೆಯನ್ನೇ ಮಾಡಿದಳೋ, ಬೈಯದೆ ಹಾಳೆಯನ್ನು ತಲೆಕೆಳಗು ಮಾಡಿ, ‘ಈಗ ಯಾವುದು ಬೀಳ್ತಿದೆ, ನೋಡು’ ಅನ್ನಿ.