ಕೋಟೆಯೊಳಗೊಂದು ರಾತ್ರಿ

ಪ್ರಶ್ನೆ: ಇಂಗ್ಲೆಂಡ್ ಪ್ರವಾಸದಲ್ಲಿ ಹಳೆಯ ಕೋಟೆಯಲ್ಲಿ ತಂಗುವ ಆಸೆಯಿದೆ. ವಯಸ್ಸಾದ ತಂದೆ-ತಾಯಿ ಜೊತೆಗಿರುತ್ತಾರೆ. ಯಾವುದನ್ನು ಗಮನಿಸಬೇಕು?

ಉತ್ತರ: ಖಂಡಿತ ಉಳಿದುಕೊಳ್ಳಿ, ಹಗಲಿನ ಪ್ರವಾಸಿಗರು ಹೊರಟುಹೋದ ಮೇಲೆ ಕಟ್ಟಡವನ್ನು ನಿಧಾನವಾಗಿ ನೋಡುವ ಅವಕಾಶ ಬೇರೆ ರೀತಿಯಲ್ಲಿ ಸಿಗುವುದಿಲ್ಲ. ಗ್ಲಾಸ್ಟರ್‌ಶೈರ್‌ನ ಥಾರ್ನ್‌ಬರಿ ಕೋಟೆ ಈಗ ಹೋಟೆಲಾಗಿದೆ. 1535ರಲ್ಲಿ ಇಂಗ್ಲೆಂಡಿನ ದೊರೆ ಎಂಟನೆಯ ಹೆನ್ರಿ ಮತ್ತು ಅವನ ರಾಣಿ ಆನ್ ಬೊಲಿನ್ ಅಲ್ಲಿ ತಂಗಿದ್ದರು. ಆದರೆ ನನ್ನ ಒಲವು 1965ರಲ್ಲಿ ಸ್ಥಾಪನೆಯಾದ ಲ್ಯಾಂಡ್‌ಮಾರ್ಕ್ ಟ್ರಸ್ಟ್‌ನ ಕಡೆಗೆ. ಪಾಳುಬಿದ್ದ ಕಟ್ಟಡಗಳನ್ನು ದುರಸ್ತಿ ಮಾಡಿ ಬಾಡಿಗೆಗೆ ಕೊಡುವ ಈ ಸಂಸ್ಥೆಯು ನಿಮ್ಮ ಬಾಡಿಗೆ ಹಣವನ್ನು ಕಟ್ಟಡಗಳ ಪಾಲನೆಗೇ ಬಳಸುತ್ತದೆ. 1978ರ ಬೆಂಕಿಯಲ್ಲಿ ಸುಟ್ಟುಹೋದ ವಾರಿಕ್‌ಶೈರ್‌ನ ಆಸ್ಟ್ಲಿ ಕೋಟೆಯಲ್ಲಿ, ಮುರಿದ ಕಲ್ಲಿನ ಗೋಡೆಗಳ ಅಂಚಿಗೇ ಹೊಸ ಇಟ್ಟಿಗೆ ಗೋಡೆಗಳನ್ನು ಕೂಡಿಸಿ ಮನೆ ಕಟ್ಟಿದ್ದಾರೆ; ಹಳತೆಲ್ಲಿ ಮುಗಿಯಿತು, ಹೊಸತೆಲ್ಲಿ ಆರಂಭವಾಯಿತು ಎಂಬುದು ಕಣ್ಣಿಗೆ ಕಾಣುತ್ತದೆ. ಆ ಕೆಲಸಕ್ಕೆ 2013ರಲ್ಲಿ ವಾಸ್ತುಶಿಲ್ಪಕ್ಕೆ ಕೊಡುವ ಬ್ರಿಟನ್ನಿನ ಸ್ಟರ್ಲಿಂಗ್ ಪ್ರಶಸ್ತಿ ಸಂದಿತು.

ಇನ್ನು ಹಿರಿಯರ ವಿಷಯ. ಸಂರಕ್ಷಿತ ಪಟ್ಟಿಯಲ್ಲಿರುವ ಕಟ್ಟಡದ ಸ್ವರೂಪವನ್ನು ಅನುಮತಿಯಿಲ್ಲದೆ ಬದಲಾಯಿಸುವಂತಿಲ್ಲವಾದ್ದರಿಂದ ಎಷ್ಟೋ ಕಡೆ ಲಿಫ್ಟ್ ಇರುವುದಿಲ್ಲ, ಗೋಪುರದ ಕೋಣೆಗಳಿಗೆ ಕಿರಿದಾದ ಸುರುಳಿ ಮೆಟ್ಟಿಲುಗಳೇ ದಾರಿ. ಆದ್ದರಿಂದ ಮುಂಗಡ ಕೊಡುವ ಮೊದಲು ನೆಲಮಹಡಿಯಲ್ಲಿ ಮಲಗುವ ಕೋಣೆ ಇದೆಯೇ, ಸ್ನಾನದ ಮನೆ ಅದಕ್ಕೆ ಹೊಂದಿಕೊಂಡಿದೆಯೇ, ಕೋಣೆ ಬೆಚ್ಚಗಿರುತ್ತದೆಯೇ ಎಂದು ಬರಹದಲ್ಲಿ ಕೇಳಿ ಉತ್ತರ ಪಡೆಯಿರಿ. ಟ್ರಸ್ಟ್‌ನ ಮನೆಗಳಲ್ಲಿ ಟಿ.ವಿ. ಇರುವುದಿಲ್ಲ, ಅಡುಗೆಯನ್ನು ನೀವೇ ಮಾಡಿಕೊಳ್ಳಬೇಕು ಎಂಬುದನ್ನೂ ತಂದೆ-ತಾಯಿಗೆ ಮೊದಲೇ ತಿಳಿಸಿಬಿಡಿ.